ಕಾರಿನ ಲೈಟು ಹತ್ತುತ್ತಿಲ್ಲವೇ? ಹೊಸ ಬಲ್ಬು ತರುವ ಮೊದಲು ಇದನ್ನು ಓದಿ

ಮೃಗಶಿರಾ ಮಳೆ ಹಿಡಿಯಿತು ಅಂದರೆ ಒಂದೇ ಪ್ರಶ್ನೆ ಬೇರೆ ಬೇರೆ ಊರುಗಳಿಂದ ಬರಲು ಶುರುವಾಗುತ್ತದೆ. ಕಾರವಾರ, ಅಂಕೋಲಾ, ಹೊನ್ನಾವರ ಅಂತೂ ಸರಿ, ಘಟ್ಟದ ಮೇಲಿನ ಶಿರಸಿಯವರೂ ಕೇಳುತ್ತಾರೆ. "ಒಂದು ಕಡೆ ಹೆಡ್‌ಲೈಟ್ ಹೋಗಿತ್ತು. ಹೊಸ ಬಲ್ಬು ಹಾಕಿದೆ. ಆದ್ರೂ ಹತ್ತುತ್ತಿಲ್ಲ. ಇನ್ನೇನು ಮಾಡೋದು?"

ಬಯಲುಸೀಮೆಯ ಕಾರಿನಲ್ಲಿ ಲೈಟು ಹೋದರೆ ಮೊದಲು ಬಲ್ಬನ್ನೇ ಅನುಮಾನಿಸಬಹುದು, ಹೆಚ್ಚಿನ ಸಲ ಅದು ಸರಿಯೂ ಆಗಿರುತ್ತದೆ. ನಮ್ಮ ಕರಾವಳಿಯಲ್ಲಿ ಹಾಗಲ್ಲ. ಇಲ್ಲಿ ಉಪ್ಪುಗಾಳಿ ವರ್ಷವಿಡೀ ಇರುತ್ತದೆ, ಮೇಲಿಂದ ನಾಲ್ಕು ತಿಂಗಳ ಮಳೆ. ಬಲ್ಬು ಚೆನ್ನಾಗಿಯೇ ಇದ್ದು, ಅದಕ್ಕೆ ಕರೆಂಟ್ ಬರುವ ದಾರಿ ಅಥವಾ ವಾಪಸ್ ಹೋಗುವ ದಾರಿ ಕೆಟ್ಟಿರುವುದೇ ಜಾಸ್ತಿ. ಅದರಲ್ಲೂ ವಾಪಸ್ ಹೋಗುವ ದಾರಿ, ಅಂದರೆ ಅರ್ತಿಂಗ್. ಅದನ್ನು ನೋಡದೆ ಬಲ್ಬು, ರಿಲೇ (ದೊಡ್ಡ ಕರೆಂಟನ್ನು ಹಾಕಿ ತೆಗೆಯುವ ಡಬ್ಬಿ), ಸ್ವಿಚ್ಚು ಅಂತ ಒಂದೊಂದೇ ಬದಲಾಯಿಸುತ್ತಾ ಹೋದರೆ ದುಡ್ಡು ಖಾಲಿಯಾಗುತ್ತದೆ, ಲೈಟು ಮಾತ್ರ ಹತ್ತುವುದಿಲ್ಲ.

ಕೆಳಗಿನ ಕ್ರಮ ಹ್ಯಾಲೋಜೆನ್ ಬಲ್ಬು ಇರುವ ಸಾಮಾನ್ಯ ಕಾರುಗಳಿಗೆ ಹೊಂದುತ್ತದೆ. ಪೂರ್ತಿ ಎಲ್‌ಇಡಿ ಇರುವ ಕಾರಿನ ವಿಷಯ ಕೊನೆಯ ಹತ್ತಿರ ಬರುತ್ತದೆ.

ಏನೇನು ಬೇಕು

ಕಾರಿನ ಜೊತೆ ಬಂದ ಮ್ಯಾನುಯಲ್ ಪುಸ್ತಕ ಮೊದಲು ಹುಡುಕಿ. ಯಾವ ಬಲ್ಬು, ಯಾವ ಫ್ಯೂಸು ಎಲ್ಲಿ ಅನ್ನುವುದು ಅದರಲ್ಲೇ ಇರುತ್ತದೆ. ಹೆಚ್ಚಿನವರ ಮನೆಯಲ್ಲಿ ಅದು ಪ್ಲಾಸ್ಟಿಕ್ ಕವರ್ ಕೂಡ ಬಿಚ್ಚದೆ ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿ ಮಲಗಿರುತ್ತದೆ.

ಎರಡನೆಯದು ಟೆಸ್ಟ್ ಲ್ಯಾಂಪ್. ಒಂದು ತುದಿಗೆ ಕ್ಲಿಪ್ಪು, ಇನ್ನೊಂದು ತುದಿಗೆ ಸೂಜಿಯಂಥ ಮೊನೆ, ನಡುವೆ ಒಂದು ಸಣ್ಣ 12 ವೋಲ್ಟ್ ಬಲ್ಬು, ಅಷ್ಟೇ. ಆಟೋ ಎಲೆಕ್ಟ್ರಿಕ್ ಸಾಮಾನಿನ ಅಂಗಡಿಯಲ್ಲಿ ಕಡಿಮೆ ದುಡ್ಡಿಗೆ ಸಿಗುತ್ತದೆ. ಮನೆಯ ಕರೆಂಟ್ ನೋಡುವ ಸ್ಕ್ರೂಡ್ರೈವರ್ ಟೆಸ್ಟರ್ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಅದು 230 ವೋಲ್ಟಿನದು, 12 ವೋಲ್ಟಿಗೆ ಹತ್ತುವುದೇ ಇಲ್ಲ. ಎಷ್ಟು ವೋಲ್ಟ್ ಇದೆ ಅಂತ ಅಳೆದು ತೋರಿಸುವ ಸಣ್ಣದೊಂದು ಮಲ್ಟಿಮೀಟರ್ ಇದ್ದರೆ ಇನ್ನೂ ಒಳ್ಳೆಯದು.

ಉಳಿದಂತೆ 10 ನಂಬರ್ ಸ್ಪಾನರ್, ಸ್ಕ್ರೂಡ್ರೈವರ್, ತುಸು ಪಾಲಿಶ್ ಪೇಪರ್, ಹಳೆಯ ಹಲ್ಲುಜ್ಜುವ ಬ್ರಷ್ಷು, ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ, ವ್ಯಾಸಲೀನ್, ಶುಭ್ರವಾದ ಒಣ ಬಟ್ಟೆ ಮತ್ತು ಬೇರೆ ಬೇರೆ ಆಂಪಿಯರ್‌ನ ಒಂದಷ್ಟು ಫ್ಯೂಸುಗಳು. ಬೆರಳಿನ ಉಂಗುರ, ಕೈಯ ಲೋಹದ ಗಡಿಯಾರ ತೆಗೆದಿಡಿ. ಬ್ಯಾಟರಿಯ ಪಾಸಿಟಿವ್‌ಗೂ ಬಾಡಿಗೂ ನಡುವೆ ಉಂಗುರ ಸಿಕ್ಕಿಕೊಂಡರೆ ಬೆರಳು ಸುಡುತ್ತದೆ.

1. ಯಾವುದು ಹೋಗಿದೆ ಅಂತ ಸರಿಯಾಗಿ ನೋಡಿ

ಇದನ್ನು ಯಾರೂ ಪೂರ್ತಿ ಮಾಡುವುದಿಲ್ಲ. "ಲೈಟ್ ಇಲ್ಲ" ಅನ್ನುವುದು ಸಾಕಾಗುವುದಿಲ್ಲ. ಮನೆಯಲ್ಲಿ ಯಾರನ್ನಾದರೂ ಸೀಟಿನಲ್ಲಿ ಕೂರಿಸಿ, ಕೀ ಆನ್ ಮಾಡಿಸಿ, ಒಂದೊಂದೇ ಲೈಟು ಹಾಕಿಸಿ ಸುತ್ತ ನಡೆದು ನೋಡಿ. ಪಾರ್ಕಿಂಗ್, ಡಿಮ್, ಹೈ ಬೀಮ್, ಎರಡೂ ಕಡೆ ಇಂಡಿಕೇಟರ್, ಹಜಾರ್ಡ್ (ನಾಲ್ಕೂ ಇಂಡಿಕೇಟರ್ ಒಟ್ಟಿಗೆ ಮಿನುಗುವುದು), ಬ್ರೇಕ್, ರಿವರ್ಸ್, ನಂಬರ್ ಪ್ಲೇಟಿನ ಲೈಟು, ಎಲ್ಲವನ್ನೂ. ಒಬ್ಬರೇ ಇದ್ದರೆ ಕತ್ತಲಾದ ಮೇಲೆ ಗೋಡೆಯ ಹತ್ತಿರ ರಿವರ್ಸ್ ತಗೊಂಡು ಬ್ರೇಕ್ ಒತ್ತಿ, ಕನ್ನಡಿಯಲ್ಲಿ ಕೆಂಪು ಬೆಳಕು ಎರಡೂ ಬದಿ ಬೀಳುತ್ತದೆಯೇ ನೋಡಿ.

ಯಾವುದು ಹತ್ತುತ್ತಿಲ್ಲ, ಯಾವುದು ಹತ್ತುತ್ತಿದೆ ಎರಡನ್ನೂ ಬರೆದುಕೊಳ್ಳಿ. ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಒಂದೇ ಒಂದು ಲೈಟು ಹೋಗಿದ್ದರೆ ಆ ಬಲ್ಬು, ಅದರ ಹೋಲ್ಡರ್, ಅದರ ಫ್ಯೂಸು ಅಥವಾ ಅದರ ಅರ್ತಿಂಗ್. ದೂರ ಹೋಗುವ ಅಗತ್ಯವಿಲ್ಲ.

ಎರಡೂ ಕಡೆಯ ಡಿಮ್ ಒಟ್ಟಿಗೆ ಹೋಗಿದ್ದರೆ ರಿಲೇ ಅಥವಾ ಸ್ವಿಚ್ಚಿನ ಮೇಲೆ ಅನುಮಾನ. ಬಹಳಷ್ಟು ಕಾರುಗಳಲ್ಲಿ ಎಡಕ್ಕೆ ಬಲಕ್ಕೆ ಬೇರೆ ಬೇರೆ ಫ್ಯೂಸು ಇರುತ್ತದೆ, ಹಾಗಾಗಿ ಒಂದು ಫ್ಯೂಸು ಎರಡನ್ನೂ ಆರಿಸುವುದಿಲ್ಲ. ಆದರೆ ಒಂದೇ ದಿನ ಹಾಕಿದ ಎರಡು ಬಲ್ಬು ಹತ್ತಿರ ಹತ್ತಿರದಲ್ಲೇ ಸುಟ್ಟು ಹೋಗುವುದೂ ಉಂಟು. ಒಂದು ಹೋಗಿ ತಿಂಗಳಾಗಿದ್ದು ನಿಮ್ಮ ಗಮನಕ್ಕೇ ಬಂದಿರದಿರಬಹುದು.

ಒಂದು ಬದಿಯ ಇಂಡಿಕೇಟರ್ ಪಟಪಟ ಅಂತ ಜೋರಾಗಿ ಬಡಿದುಕೊಂಡರೆ ಆ ಬದಿಯಲ್ಲಿ ಒಂದು ಬಲ್ಬು ಹತ್ತುತ್ತಿಲ್ಲ ಎಂದರ್ಥ. ಅದು ದೋಷವಲ್ಲ, ನಿಮಗೆ ತಿಳಿಸಲೆಂದೇ ಹಾಗೆ ಮಾಡಿರುತ್ತಾರೆ. ಇಂಡಿಕೇಟರ್ ಇಲ್ಲ, ಹಜಾರ್ಡ್ ಮಾತ್ರ ಬರುತ್ತಿದೆ ಅಂದರೆ ಬಲ್ಬುಗಳೆಲ್ಲ ಸರಿ ಇವೆ, ಫ್ಯೂಸು ಅಥವಾ ಸ್ವಿಚ್ಚು ನೋಡಿ. ಎರಡೂ ಇಲ್ಲದಿದ್ದರೆ ಫ್ಯೂಸು ಅಥವಾ ಫ್ಲ್ಯಾಶರ್, ಅಂದರೆ ಲೈಟನ್ನು ಮಿನುಗಿಸುವ ಡಬ್ಬಿ.

ಬ್ರೇಕ್ ಲೈಟು ಮೂರೂ ಹೋಗಿದ್ದರೆ ಫ್ಯೂಸು ಅಥವಾ ಪೆಡಲ್ ಮೇಲಿನ ಸ್ವಿಚ್ಚು. ಹಿಂದಿನ ಗಾಜಿನ ಹತ್ತಿರದ ಮೂರನೆಯದು ಹತ್ತಿ ಕೆಳಗಿನ ಎರಡು ಹತ್ತದಿದ್ದರೆ ಸ್ವಿಚ್ಚು ಸರಿಯಿದೆ, ಕೆಳಗೆ ಬಲ್ಬು ಅಥವಾ ಅರ್ತಿಂಗ್ ನೋಡಿ.

ಹಿಂದಿನ ಪಾರ್ಕಿಂಗ್ ಲೈಟಿನ ಜೊತೆ ನಂಬರ್ ಪ್ಲೇಟಿನದೂ ಮೀಟರ್ ಬೋರ್ಡಿನ ಬೆಳಕೂ ಹೋಗಿದ್ದರೆ ಫ್ಯೂಸು ಹೋಗಿರುವ ಸಾಧ್ಯತೆಯೇ ಹೆಚ್ಚು.

ಬ್ರೇಕ್ ಒತ್ತಿದಾಗ ಇಂಡಿಕೇಟರ್ ಮಂದವಾಗಿ ಹತ್ತುತ್ತದೆ, ಇಂಡಿಕೇಟರ್ ಹಾಕಿದರೆ ಪಾರ್ಕಿಂಗ್ ಲೈಟೂ ಮಿನುಗುತ್ತದೆ. ಇಂಥ ವಿಚಿತ್ರ ಕಂಡರೆ ಬೇರೇನೂ ಯೋಚಿಸಬೇಡಿ, ಸೀದಾ 5ನೇ ಹಂತಕ್ಕೆ ಹೋಗಿ. ಅದು ಅರ್ತಿಂಗ್ ಸಮಸ್ಯೆ.

ಎಲ್ಲ ಲೈಟೂ ಮಂಕಾಗಿದ್ದರೆ ಮೊದಲು ಬ್ಯಾಟರಿ ನೋಡಿ. ರಾತ್ರಿಯಿಡೀ ನಿಂತ ಕಾರಿನ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಬೇಕು. ಎಂಜಿನ್ ಓಡುವಾಗ 13.8ರಿಂದ 14.5ರವರೆಗೆ ಇರಬೇಕು. ಓಡುವಾಗಲೂ 12ರ ಆಸುಪಾಸಿನಲ್ಲೇ ಇದ್ದರೆ ಅಲ್ಟರ್ನೇಟರ್ ಚಾರ್ಜ್ ಮಾಡುತ್ತಿಲ್ಲ. ಅದು ಲೈಟಿನ ರಿಪೇರಿ ಅಲ್ಲ.

2. ಬಲ್ಬು ಬಿಚ್ಚಿ, ಆದರೆ ಕಣ್ಣನ್ನು ಪೂರ್ತಿ ನಂಬಬೇಡಿ

ಎಂಜಿನ್, ಲೈಟು ಆಫ್ ಮಾಡಿ ಸ್ವಲ್ಪ ಹೊತ್ತು ಬಿಡಿ. ಹ್ಯಾಲೋಜೆನ್ ಬಲ್ಬು ಕೈ ಸುಡುವಷ್ಟು ಬಿಸಿ ಇರುತ್ತದೆ.

ಹೆಡ್‌ಲೈಟಿನ ಹಿಂದೆ ಬಾನೆಟ್ ಒಳಗಿಂದ ಕೈ ಹಾಕಬೇಕು. ಮೊದಲು ಕನೆಕ್ಟರ್ ಎಳೆಯಿರಿ. ವೈರು ಹಿಡಿದು ಎಳೆಯಬೇಡಿ, ಪ್ಲಾಸ್ಟಿಕ್ ಭಾಗ ಹಿಡಿದು ಆಚೀಚೆ ಅಲುಗಾಡಿಸಿ. ಆಮೇಲೆ ರಬ್ಬರ್ ಟೋಪಿ, ಅದರೊಳಗೆ ತಂತಿಯ ಕ್ಲಿಪ್ಪು. ಕ್ಲಿಪ್ಪು ಯಾವ ಕಡೆ ಬಿಚ್ಚುತ್ತದೆ ಅಂತ ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡರೆ ವಾಪಸ್ ಹಾಕುವಾಗ ಪರದಾಡುವುದು ತಪ್ಪುತ್ತದೆ.

ಒಳಗಿನ ತಂತಿ ತುಂಡಾಗಿದ್ದರೆ, ಗಾಜು ಕಪ್ಪಾಗಿದ್ದರೆ ಅಥವಾ ಒಳಗೆ ಬಿಳಿ ಮಸಿ ಹಿಡಿದಂತಿದ್ದರೆ ಬಲ್ಬು ಹೋಗಿದೆ. ಚೆನ್ನಾಗಿ ಕಂಡರೆ? ಎಡದ ಬಲ್ಬನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಹಾಕಿ. ತೊಂದರೆ ಬಲ್ಬಿನ ಜೊತೆ ಆಚೆ ಹೋದರೆ ಬಲ್ಬು ಕೆಟ್ಟಿದೆ. ಇದ್ದಲ್ಲೇ ಉಳಿದರೆ ವೈರಿಂಗ್. ಇದಕ್ಕಿಂತ ಅಗ್ಗದ ಪರೀಕ್ಷೆ ಇಲ್ಲ, ಒಂದು ಪೈಸೆ ಖರ್ಚಿಲ್ಲ.

ಕೊಳ್ಳುವಾಗ ಬಲ್ಬಿನ ಬುಡದ ಮೇಲೆ ಬರೆದಿರುವುದನ್ನೇ ಕೇಳಿ. ಎಚ್4 ಅಂದರೆ ಒಂದೇ ಬಲ್ಬಿನಲ್ಲಿ ಎರಡು ತಂತಿ, ಹೈ ಬೀಮಿಗೆ 60 ವ್ಯಾಟ್, ಡಿಮ್ಮಿಗೆ 55 ವ್ಯಾಟ್. ಎಚ್7 ಅಂದರೆ ಒಂದೇ ತಂತಿ, 55 ವ್ಯಾಟ್. ಹಿಂದೆ ಇರುವುದು ಹೆಚ್ಚಾಗಿ ಪಿ21/5ಡಬ್ಲ್ಯೂ. ಅದರಲ್ಲೂ ಎರಡು ತಂತಿ, ಪಾರ್ಕಿಂಗಿಗೆ 5 ವ್ಯಾಟ್, ಬ್ರೇಕಿಗೆ 21 ವ್ಯಾಟ್. ಅದಕ್ಕೇ ಒಂದೇ ಬಲ್ಬಿನಲ್ಲಿ ಬ್ರೇಕ್ ಹತ್ತಿ ಪಾರ್ಕಿಂಗ್ ಹತ್ತದೆ ಇರಬಹುದು.

ಇಲ್ಲಿ ಜನ ಎಡವುವುದು ಮೂರ್ನಾಲ್ಕು ಕಡೆ. ಹ್ಯಾಲೋಜೆನ್ ಗಾಜನ್ನು ಬರಿಗೈಯಲ್ಲಿ ಮುಟ್ಟುತ್ತಾರೆ. ಬೆರಳಿನ ಎಣ್ಣೆ ಅಂಟಿದ ಜಾಗ ಹೆಚ್ಚು ಬಿಸಿಯಾಗಿ ಬಲ್ಬು ಬೇಗ ಹೋಗುತ್ತದೆ. ತಲೆಗೆ ತೆಂಗಿನೆಣ್ಣೆ ಹಚ್ಚಿದ ಕೈ ಆದರೆ ಕೇಳುವುದೇ ಬೇಡ. ಬಟ್ಟೆಯಲ್ಲಿ ಹಿಡಿಯಿರಿ, ಮುಟ್ಟಿಬಿಟ್ಟಿದ್ದರೆ ಸ್ಪಿರಿಟ್‌ನಿಂದ ಒರೆಸಿ. ಎಚ್4 ಬಲ್ಬಿನ ಮೂರು ಕಿವಿಗಳು ಸರಿಯಾಗಿ ಕೂರದೆ ಕ್ಲಿಪ್ಪು ಹಾಕಿದರೆ ಬೆಳಕು ತೆಂಗಿನ ಮರದ ತುದಿಗೆ ಬೀಳುತ್ತದೆ, ರಸ್ತೆಗೆ ಅಲ್ಲ. ಹಿಂದಿನ ಬಲ್ಬಿನ ಎರಡು ಪಿನ್ನು ಎತ್ತರ ತಗ್ಗು ಇರುತ್ತವೆ, ಒತ್ತಿ ತಿರುಚಿ ತಲೆಕೆಳಗಾಗಿ ಕೂರಿಸಬೇಡಿ. ಕೊನೆಯದು ಎಲ್ಲಕ್ಕಿಂತ ದೊಡ್ಡದು: ರಬ್ಬರ್ ಟೋಪಿ ಹಾಕಲು ಮರೆಯುವುದು. ಅದು ಇಲ್ಲದ ಹೆಡ್‌ಲೈಟ್ ಒಂದೇ ಮಳೆಗಾಲದಲ್ಲಿ ಹಾಳಾಗುತ್ತದೆ.

3. ಫ್ಯೂಸು

ಕಾರಿನಲ್ಲಿ ಸಾಮಾನ್ಯವಾಗಿ ಎರಡು ಫ್ಯೂಸ್ ಪೆಟ್ಟಿಗೆ. ಒಂದು ಬ್ಯಾಟರಿಯ ಹತ್ತಿರ, ಇನ್ನೊಂದು ಸ್ಟೀರಿಂಗ್ ಕೆಳಗೆ ಅಥವಾ ಡ್ಯಾಶ್‌ಬೋರ್ಡ್ ಬದಿಯಲ್ಲಿ. ಯಾವುದಕ್ಕೆ ಯಾವ ಫ್ಯೂಸು ಎಂಬ ನಕ್ಷೆ ಮುಚ್ಚಳದ ಒಳಗೆ ಅಥವಾ ಮ್ಯಾನುಯಲಿನಲ್ಲಿ ಇರುತ್ತದೆ. ಹಲವು ಕಾರುಗಳಲ್ಲಿ ಫ್ಯೂಸು ಕೀಳುವ ಸಣ್ಣ ಇಕ್ಕಳವೂ ಅಲ್ಲೇ ಇರುತ್ತದೆ.

ಬಣ್ಣದಿಂದ ಗುರುತಿಸಬಹುದು. 7.5 ಆಂಪಿಯರ್ ಕಂದು, 10 ಕೆಂಪು, 15 ನೀಲಿ, 20 ಹಳದಿ, 30 ಹಸಿರು. ಎಲ್ಲ ಕಂಪನಿಗೂ ಇದೇ ಬಣ್ಣ.

ಕೀ ಆಫ್ ಮಾಡಿ ಎಳೆದು ನೋಡಿ. ಒಳಗಿನ ಪಟ್ಟಿ ತುಂಡಾಗಿದ್ದರೆ ಹೋಗಿದೆ. ಹೊಸದು ಹಾಕುವಾಗ ಅದೇ ಆಂಪಿಯರ್‌ನದೇ ಹಾಕಬೇಕು. 10ರ ಜಾಗದಲ್ಲಿ 20 ಹಾಕಿದರೆ, ಸಿಗರೇಟ್ ಪ್ಯಾಕಿನ ಹೊಳೆಯುವ ಕಾಗದ ಸುತ್ತಿ ತುರುಕಿದರೆ, ಮುಂದಿನ ಸಲ ಫ್ಯೂಸಿನ ಬದಲು ವೈರೇ ಸುಡುತ್ತದೆ. ಕಾರಿಗೆ ಬೆಂಕಿ ಹತ್ತುವುದು ಹೀಗೇ.

ಹೊಸ ಫ್ಯೂಸೂ ತಕ್ಷಣ ಹೋದರೆ ಸುಮ್ಮನೆ ಮೂರನೆಯದು ಹಾಕಬೇಡಿ. ಎಲ್ಲೋ ಪಾಸಿಟಿವ್ ವೈರು ಬಾಡಿಗೆ ತಾಗುತ್ತಿದೆ, ಅಂದರೆ ಶಾರ್ಟ್ ಇದೆ. ಆ ಫ್ಯೂಸಿಗೆ ಸೇರಿದ ಬಲ್ಬುಗಳ ಕನೆಕ್ಟರ್‌ಗಳನ್ನು ಮೊದಲು ಎಲ್ಲ ಬಿಚ್ಚಿ. ಒಂದು ಫ್ಯೂಸು ಹಾಕಿ ಲೈಟ್ ಆನ್ ಮಾಡಿ. ಉಳಿದರೆ ಒಂದೊಂದೇ ಕನೆಕ್ಟರ್ ವಾಪಸ್ ಸಿಕ್ಕಿಸುತ್ತಾ ಹೋಗಿ. ಯಾವುದನ್ನು ಹಾಕಿದಾಗ ಫ್ಯೂಸು ಹೋಯಿತೋ ತಪ್ಪು ಅಲ್ಲಿದೆ. ಡಿಕ್ಕಿ ಬಾಗಿಲಿನ ಕೀಲಿನ ಹತ್ತಿರ ವೈರುಗಳು ತೆರೆದು ಮುಚ್ಚುವಾಗ ಮಡಚಿ ಮಡಚಿ ಹರಿಯುತ್ತವೆ. ಅಲ್ಲಿಯ ರಬ್ಬರ್ ಕೊಳವೆ ಸರಿಸಿ ನೋಡುವುದನ್ನು ಮರೆಯಬೇಡಿ.

ಇಲಿಯದ್ದೂ ಇಲ್ಲೇ ಹೇಳಿಬಿಡುತ್ತೇನೆ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಕಾರು ನಿಲ್ಲಿಸುವುದು ಕೊಟ್ಟಿಗೆಯ ಪಕ್ಕ, ಹುಲ್ಲಿನ ರಾಶಿಯ ಪಕ್ಕ, ಅಡಿಕೆ ಮೂಟೆಯ ಪಕ್ಕ. ಮಳೆಗಾಲದಲ್ಲಿ ಇಲಿಗಳಿಗೆ ಬೆಚ್ಚಗಿನ ಎಂಜಿನ್ ಸಿಕ್ಕಿದರೆ ಬಿಡುತ್ತವೆಯೇ? ಬ್ಯಾಟರಿ ತಟ್ಟೆಯ ಸುತ್ತ, ಹೆಡ್‌ಲೈಟಿನ ಹಿಂದೆ ಇಲಿ ಹಿಕ್ಕೆ, ಕಚ್ಚಿದ ಪ್ಲಾಸ್ಟಿಕ್ ಚೂರು ಇದೆಯೇ ನೋಡಿ. ಹರಿದ ವೈರನ್ನು ಸುಮ್ನೆ ತಿರುಚಿ ಟೇಪ್ ಸುತ್ತಿದರೆ ಎಂಜಿನ್ ಬಿಸಿಗೆ ಅಂಟು ಕರಗಿ ನೀರು ಒಳಗೆ ಇಳಿಯುತ್ತದೆ. ಬೆಸುಗೆ ಹಾಕಿ, ಮೇಲೆ ಹೀಟ್ ಶ್ರಿಂಕ್ ಕೊಳವೆ ಹಾಕಿಸಿ. ಬಿಸಿ ಮಾಡಿದಾಗ ಕುಗ್ಗಿ ವೈರಿಗೆ ಬಿಗಿಯಾಗಿ ಅಪ್ಪಿಕೊಳ್ಳುವ ಕೊಳವೆ ಅದು.

4. ಹೋಲ್ಡರ್ ತನಕ ಕರೆಂಟ್ ಬರುತ್ತಿದೆಯೇ?

ಬಲ್ಬು ಸರಿ, ಫ್ಯೂಸು ಸರಿ, ಆದರೂ ಕತ್ತಲೆ. ಈಗ ಟೆಸ್ಟ್ ಲ್ಯಾಂಪ್ ತೆಗೆಯಿರಿ.

ಕ್ಲಿಪ್ಪನ್ನು ಬ್ಯಾಟರಿಯ ನೆಗೆಟಿವ್‌ಗೆ ಹಾಕಿ, ಮೊನೆಯನ್ನು ಒಮ್ಮೆ ಪಾಸಿಟಿವ್‌ಗೆ ತಾಗಿಸಿ ಲ್ಯಾಂಪ್ ಹತ್ತುತ್ತದೆ ಎಂದು ಖಚಿತ ಮಾಡಿಕೊಳ್ಳಿ. ಆಮೇಲೆ ಲೈಟಿನ ಸ್ವಿಚ್ಚು ಆನ್ ಮಾಡಿ, ಬಿಚ್ಚಿದ ಕನೆಕ್ಟರಿನ ಒಂದೊಂದೇ ಪಿನ್ನಿಗೆ ಮೊನೆ ತಾಗಿಸಿ. ಒಂದರಲ್ಲಿ ಹತ್ತಿದರೆ ಕರೆಂಟ್ ಅಲ್ಲಿಯವರೆಗೆ ಬಂದಿದೆ, ತೊಂದರೆ ವಾಪಸ್ ದಾರಿಯಲ್ಲಿದೆ. ಯಾವುದರಲ್ಲೂ ಹತ್ತದಿದ್ದರೆ ಹಿಂದಕ್ಕೆ ಹೋಗಬೇಕು, ರಿಲೇ ಅಥವಾ ಸ್ವಿಚ್ಚಿನ ಕಡೆಗೆ.

ಈಗ ಕ್ಲಿಪ್ಪನ್ನು ಬ್ಯಾಟರಿ ಪಾಸಿಟಿವ್‌ಗೆ ಬದಲಾಯಿಸಿ. ಮೊನೆಯನ್ನು ಕನೆಕ್ಟರಿನ ಅರ್ತಿಂಗ್ ಪಿನ್ನಿಗೆ ತಾಗಿಸಿ. ಚೆನ್ನಾಗಿ ಹತ್ತಿದರೆ ಅರ್ತಿಂಗ್ ಇದೆ. ಹತ್ತದಿದ್ದರೆ ಅಥವಾ ಮಿಣಿಮಿಣಿ ಅಂದರೆ ಕಳ್ಳ ಸಿಕ್ಕಿದ.

ಕೆಲವು ಕಾರುಗಳ ಹೆಡ್‌ಲೈಟಿನಲ್ಲಿ ಪಾಸಿಟಿವ್ ಸದಾ ಬರುತ್ತಿದ್ದು, ಸ್ವಿಚ್ಚು ಅರ್ತಿಂಗ್ ಕಡೆ ಇರುತ್ತದೆ. ಅಂಥ ಕಾರಿನಲ್ಲಿ ಮೇಲಿನ ಲೆಕ್ಕ ತಿರುವುಮುರುವು. ಲೈಟ್ ಆಫ್ ಇದ್ದಾಗಲೂ ಒಂದು ಪಿನ್ನಿನಲ್ಲಿ ಟೆಸ್ಟ್ ಲ್ಯಾಂಪ್ ಹತ್ತಿದರೆ ಈ ಜಾತಿಯದ್ದು ಎಂದು ತಿಳಿಯಿರಿ.

ಎರಡು ಎಚ್ಚರಿಕೆ. ಮೊನೆಯಿಂದ ವೈರಿನ ಪ್ಲಾಸ್ಟಿಕ್ ಚುಚ್ಚಿ ನೋಡಬೇಡಿ. ಬೇರೆ ಊರಿನಲ್ಲಿ ನಡೆದೀತು, ನಮ್ಮಲ್ಲಿ ಆ ಸಣ್ಣ ತೂತಿನಿಂದ ಉಪ್ಪಿನ ತೇವ ಒಳಗೆ ಹೋಗಿ ತಾಮ್ರ ಹಸಿರಾಗಿ, ಮುಂದಿನ ವರ್ಷ ವೈರು ಒಳಗೊಳಗೇ ತುಂಡಾಗಿರುತ್ತದೆ. ಇನ್ನೊಂದು, ಹಳದಿ ಕವಚದ ವೈರು, ಹಳದಿ ಕನೆಕ್ಟರ್ ಕಂಡರೆ ಮುಟ್ಟಬೇಡಿ. ಅದು ಏರ್‌ಬ್ಯಾಗಿನದು. ಲೈಟನ್ನು ಕಂಪ್ಯೂಟರ್ ನಡೆಸುವ ಹೊಸ ಕಾರುಗಳಲ್ಲಿ ಟೆಸ್ಟ್ ಲ್ಯಾಂಪ್ ಬದಲು ಮಲ್ಟಿಮೀಟರನ್ನೇ ಬಳಸಿ.

5. ಅರ್ತಿಂಗ್: ಕರಾವಳಿಯ ಮುಖ್ಯ ಕಾಯಿಲೆ

ಕಾರಿನಲ್ಲಿ ಪ್ರತಿ ಬಲ್ಬಿಗೂ ಬ್ಯಾಟರಿಯಿಂದ ಎರಡೆರಡು ವೈರು ಎಳೆದಿರುವುದಿಲ್ಲ. ಪಾಸಿಟಿವ್ ವೈರಿನಲ್ಲಿ ಬರುತ್ತದೆ. ವಾಪಸ್ ಹೋಗಲು ಕಾರಿನ ಕಬ್ಬಿಣದ ಬಾಡಿಯೇ ದಾರಿ. ಬಲ್ಬಿನಿಂದ ಹೊರಟ ಗಿಡ್ಡ ವೈರು ಒಂದು ಬಳೆಯಂಥ ತುದಿಯಲ್ಲಿ ಮುಗಿಯುತ್ತದೆ, ಅದನ್ನು ಬೋಲ್ಟಿನಿಂದ ಬಾಡಿಗೆ ಬಿಗಿದಿರುತ್ತಾರೆ. ಬ್ಯಾಟರಿಯ ನೆಗೆಟಿವ್ ಕೂಡ ಬಾಡಿಗೇ ಸೇರಿರುತ್ತದೆ. ಇದನ್ನೇ ಅರ್ತಿಂಗ್ ಅನ್ನುವುದು.

ಉಪ್ಪು ಗಾಳಿಯಲ್ಲಿನ ತೇವವನ್ನು ಎಳೆದುಕೊಳ್ಳುತ್ತದೆ. ಬೇಸಿಗೆಯಲ್ಲಿ ಮುಟ್ಟಿದರೆ ಒಣಗಿದಂತೆ ಕಂಡ ಜಾಗವೂ ಒಳಗೆ ಪಸೆ ಇಟ್ಟುಕೊಂಡಿರುತ್ತದೆ. ಆ ಬೋಲ್ಟಿನ ಕೆಳಗೆ ಕಬ್ಬಿಣಕ್ಕೆ ತುಕ್ಕು, ತಾಮ್ರಕ್ಕೆ ಕಿಲುಬು. ಎರಡೂ ಕರೆಂಟಿಗೆ ಅಡ್ಡಿ. ಸಮುದ್ರದ ಪಕ್ಕದಲ್ಲೇ ಹಾದುಹೋಗುವ 66ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ ದಿನಾ ಓಡಾಡುವ ಕಾರು, ಬೀಚಿನ ಪಕ್ಕ ನಿಲ್ಲುವ ಕಾರುಗಳಲ್ಲಿ ಇದು ಬೇಗ ಬರುತ್ತದೆ.

ದಾರಿ ಮುಚ್ಚಿದರೂ ಕರೆಂಟ್ ಸುಮ್ಮನಿರುವುದಿಲ್ಲ. ಪಕ್ಕದ ಬಲ್ಬಿನ ತಂತಿಯ ಮೂಲಕ ನುಸುಳಿ ವಾಪಸ್ ಹೋಗಲು ನೋಡುತ್ತದೆ. ಬ್ರೇಕ್ ಒತ್ತಿದರೆ ಇಂಡಿಕೇಟರ್ ಮಂದವಾಗಿ ಹತ್ತುವುದು ಅದಕ್ಕೇ.

ಖಚಿತ ಮಾಡಿಕೊಳ್ಳಲು ಸುಲಭ ದಾರಿ: ಒಂದು ಉದ್ದ ವೈರು ತಗೊಂಡು ಒಂದು ತುದಿಯನ್ನು ಬ್ಯಾಟರಿ ನೆಗೆಟಿವ್‌ಗೆ, ಇನ್ನೊಂದನ್ನು ಆ ಲೈಟಿನ ಅರ್ತಿಂಗ್ ಪಿನ್ನಿಗೆ ತಾಗಿಸಿ. ಲೈಟು ತಟ್ಟನೆ ಪೂರ್ತಿ ಹತ್ತಿತೇ? ಬೇರೆ ಸಾಕ್ಷಿ ಬೇಡ. ಪಾಸಿಟಿವ್ ಪಿನ್ನಿಗೆ ತಾಗಿಸಿಬಿಟ್ಟೀರಿ, ಮೊದಲು ಪಿನ್ನು ಯಾವುದು ಅಂತ ನೋಡಿಕೊಳ್ಳಿ.

ಮಲ್ಟಿಮೀಟರ್ ಇದ್ದವರಿಗೆ ಇನ್ನೂ ನಂಬಿಕೆಯ ಪರೀಕ್ಷೆ ಇದೆ. ಬಲ್ಬು ಹಾಕಿ, ಲೈಟು ಆನ್ ಇರುವಾಗಲೇ ಮೀಟರಿನ ಕಪ್ಪು ತುದಿ ಬ್ಯಾಟರಿ ನೆಗೆಟಿವ್‌ಗೆ, ಕೆಂಪು ತುದಿ ಕನೆಕ್ಟರಿನ ಹಿಂಬದಿಯಿಂದ ಅರ್ತಿಂಗ್ ಪಿನ್ನಿಗೆ. 0.1, 0.2 ವೋಲ್ಟ್ ಬಂದರೆ ತೊಂದರೆಯಿಲ್ಲ. ಅರ್ಧ ವೋಲ್ಟು, ಅದಕ್ಕಿಂತ ಮೇಲೆ ಬಂದರೆ ಅರ್ತಿಂಗ್ ಕೆಟ್ಟಿದೆ. ಬಲ್ಬು ಉರಿಯುತ್ತಿರುವಾಗಲೇ ಯಾಕೆ ನೋಡಬೇಕು ಅಂದರೆ, ವೈರಿನಲ್ಲಿ ಒಂದೇ ಒಂದು ಎಳೆ ಉಳಿದಿದ್ದರೂ ಟೆಸ್ಟ್ ಲ್ಯಾಂಪಿನ ಸಣ್ಣ ಬಲ್ಬು ಹತ್ತಿಬಿಡುತ್ತದೆ. 55 ವ್ಯಾಟಿನ ಬಲ್ಬಿಗೆ ನಾಲ್ಕೂವರೆ ಆಂಪಿಯರ್ ಬೇಕು. ಆ ಹೊರೆ ಬಿದ್ದಾಗಲೇ ದೋಷ ಹೊರಬರುವುದು.

ಸರಿಪಡಿಸುವುದು ಹೇಗೆ? ಹೆಡ್‌ಲೈಟಿನಿಂದ ಹೊರಟ ಕಪ್ಪು ಅಥವಾ ಕಂದು ವೈರನ್ನು ಹಿಂಬಾಲಿಸಿ. ಫೆಂಡರ್ (ಮುಂದಿನ ಚಕ್ರದ ಮೇಲಿನ ತಗಡು) ಒಳಮೈಯಲ್ಲಿ ಅಥವಾ ರೇಡಿಯೇಟರ್ ಹಿಡಿದ ಪಟ್ಟಿಯ ಹತ್ತಿರ ಬೋಲ್ಟು ಸಿಗುತ್ತದೆ. ಹಿಂದಿನ ಲೈಟಿನದು ಡಿಕ್ಕಿಯ ಒಳಗೆ, ಬದಿಯ ಕಾರ್ಪೆಟ್ ಸರಿಸಿದರೆ ಕಾಣುತ್ತದೆ. ಬ್ಯಾಟರಿಯ ನೆಗೆಟಿವ್ ಕ್ಲಾಂಪ್ ಬಿಚ್ಚಿ. ಬೋಲ್ಟು ತೆಗೆದು, ಬಳೆಯ ಎರಡೂ ಮೈ, ಬೋಲ್ಟಿನ ತಲೆ, ಬಾಡಿಯ ಜಾಗ ಎಲ್ಲವನ್ನೂ ಲೋಹ ಹೊಳೆಯುವವರೆಗೆ ಪಾಲಿಶ್ ಪೇಪರಿನಿಂದ ಉಜ್ಜಿ. ಬಿಗಿಯಾಗಿ ಕೂರಿಸಿ. ಬಿಗಿದ ಮೇಲೆ, ಮೊದಲಲ್ಲ, ಹೊರಗಿನಿಂದ ದಪ್ಪಗೆ ವ್ಯಾಸಲೀನ್ ಬಳಿಯಿರಿ. ನೀರು, ಗಾಳಿ ಒಳಗೆ ಹೋಗಬಾರದು.

ಬಳೆಯ ಹತ್ತಿರ ವೈರೇ ಹಸಿರಾಗಿ ಪುಡಿಯಾಗುತ್ತಿದ್ದರೆ ಒಳ್ಳೆಯ ತಾಮ್ರ ಕಾಣುವವರೆಗೆ ಕತ್ತರಿಸಿ ಹೊಸ ಬಳೆ ಹಾಕಿಸಿ. ಕನೆಕ್ಟರಿನ ಪಿನ್ನುಗಳಿಗೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಬ್ರಷ್ಷಿನಿಂದ ತಿಕ್ಕಿ, ಒಣಗಿದ ಮೇಲೆ ಸಿಕ್ಕಿಸಿ.

ಹೋಲ್ಡರ್ ಕಂದಾಗಿ ಕರಗಿದ್ದರೆ ಉಜ್ಜಿ ಪ್ರಯೋಜನವಿಲ್ಲ, ವೈರಿನ ತುಂಡಿನ ಸಮೇತ ಹೊಸ ಹೋಲ್ಡರ್ ಸಿಗುತ್ತದೆ, ಹಾಕಿಸಿ. ಕರಗಲು ಬಹುಪಾಲು ಕಾರಣ ಸಡಿಲ ಪಿನ್ನು ಅಥವಾ 100/90 ವ್ಯಾಟಿನ ಬಲ್ಬು. ಘಟ್ಟದಲ್ಲಿ ಬೆಳಕು ಸಾಲುವುದಿಲ್ಲ ಅಂತ ಅದನ್ನು ಹಾಕಿಸುವವರು ಇದ್ದಾರೆ. 60 ವ್ಯಾಟಿಗೆ 5 ಆಂಪಿಯರ್ ಹರಿಯುವ ವೈರಿನಲ್ಲಿ 100 ವ್ಯಾಟಿಗೆ 8ಕ್ಕಿಂತ ಜಾಸ್ತಿ ಹರಿಯಬೇಕು. ಕಂಪನಿಯ ವೈರು ಅದಕ್ಕೆ ಮಾಡಿದ್ದಲ್ಲ. ಎದುರಿನವನ ಕಣ್ಣು ಕುಕ್ಕುವುದು ಬೇರೆ. ನನ್ನ ಕೇಳಿದರೆ, ಅರ್ತಿಂಗ್ ಸರಿಮಾಡಿ ಗಾಜು ಪಾಲಿಶ್ ಮಾಡಿಸಿದರೆ 55 ವ್ಯಾಟೇ ಸಾಕು.

6. ರಿಲೇ, ಸ್ವಿಚ್ಚು

ರಿಲೇ ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಕಿ ತೆಗೆಯುವ ಡಬ್ಬಿ. ಫ್ಯೂಸ್ ಪೆಟ್ಟಿಗೆಯಲ್ಲೇ ಇರುತ್ತದೆ. ಲೈಟ್ ಹಾಕಿದಾಗ ಅದರ ಮೇಲೆ ಬೆರಳಿಟ್ಟರೆ ಟಿಕ್ ಅನ್ನುವುದು ಗೊತ್ತಾಗುತ್ತದೆ. ಅನುಮಾನ ಬಂದರೆ ಅದೇ ನಂಬರಿನ ಇನ್ನೊಂದು ರಿಲೇಯನ್ನು, ಹೆಚ್ಚಾಗಿ ಹಾರನ್ನಿನದು, ಅದಲು ಬದಲು ಮಾಡಿ ನೋಡಿ. ಟಿಕ್ ಅಂದ ಮಾತ್ರಕ್ಕೆ ಸರಿಯಿದೆ ಎಂದಲ್ಲ, ಒಳಗಿನ ಮುಖ ಸುಟ್ಟಿರಬಹುದು.

ಬ್ರೇಕ್ ಸ್ವಿಚ್ಚು ಪೆಡಲ್ ಕೋಲಿನ ಮೇಲುಗಡೆ ಇರುತ್ತದೆ. ಬ್ರೇಕ್ ಲೈಟು ಆರುತ್ತಲೇ ಇಲ್ಲ ಅಂದರೆ ಸ್ವಿಚ್ಚಿಗೆ ತಾಗುವ ಸಣ್ಣ ರಬ್ಬರ್ ಅಥವಾ ಪ್ಲಾಸ್ಟಿಕ್ ಬಿಲ್ಲೆ ಪುಡಿಯಾಗಿ ಕೆಳಗೆ ಉದುರಿರಬಹುದು, ಮ್ಯಾಟ್ ಮೇಲೆ ಹುಡುಕಿ. ಹಾಗೇ ಬಿಟ್ಟರೆ ಬೆಳಗಾಗುವುದರೊಳಗೆ ಬ್ಯಾಟರಿ ಮಲಗುತ್ತದೆ. ಸ್ಟೀರಿಂಗ್ ಪಕ್ಕದ ಲೈಟಿನ ಸ್ವಿಚ್ಚನ್ನು ಮಾತ್ರ ಮನೆಯಲ್ಲಿ ಬಿಚ್ಚಬೇಡಿ, ಏರ್‌ಬ್ಯಾಗ್ ಅಲ್ಲೇ ಇದೆ.

ರಿವರ್ಸ್ ಲೈಟಿನ ಸ್ವಿಚ್ಚು ಗೇರ್ ಬಾಕ್ಸಿನಲ್ಲಿ, ಕೆಸರು ನೀರು ಸಿಡಿಯುವ ಜಾಗದಲ್ಲಿ. ಅದರ ಕನೆಕ್ಟರ್ ತೊಳೆದು ಒಣಗಿಸಿದರೇ ಎಷ್ಟೋ ಸಲ ಸರಿಯಾಗುತ್ತದೆ.

7. ಗಾಜಿನೊಳಗೆ ನೀರು

ಮಳೆಯಲ್ಲಿ ಓಡಿಸಿ ಬಂದಾಗ ಹೆಡ್‌ಲೈಟ್ ಗಾಜಿನ ಒಳಗೆ ತೆಳುವಾಗಿ ಹಬೆ ಹಿಡಿಯುವುದು ದೋಷವಲ್ಲ. ಗಾಳಿಯಾಡಲು ಅದರಲ್ಲಿ ದಾರಿ ಇಟ್ಟಿರುತ್ತಾರೆ. ಲೈಟು ಹತ್ತಿಸಿ ಓಡಿಸಿದರೆ ಹೋಗುತ್ತದೆ. ತಳದಲ್ಲಿ ನೀರು ನಿಂತು ಕುಲುಕಿದರೆ ಮಾತ್ರ ಅದು ಬಿರುಕು, ಬಿಟ್ಟ ಸೀಲು ಅಥವಾ ಮರೆತ ರಬ್ಬರ್ ಟೋಪಿ. ಕೆಲವರು ತಳಕ್ಕೆ ತೂತು ಕೊರೆದು ನೀರು ಇಳಿಸುತ್ತಾರೆ. ದಯವಿಟ್ಟು ಬೇಡ. ಅದೇ ತೂತಿನಿಂದ ಉಪ್ಪುಗಾಳಿ ಒಳಗೆ ಹೋಗಿ ಹೊಳೆಯುವ ಲೇಪ ಸುಲಿಯುತ್ತದೆ. ಲೇಪ ಹೋದ ಹೆಡ್‌ಲೈಟಿಗೆ ಯಾವ ಬಲ್ಬು ಹಾಕಿದರೂ ಬೆಳಕು ಬರುವುದಿಲ್ಲ.

ಎಲ್‌ಇಡಿ ಇದ್ದರೆ

ಕಂಪನಿಯಿಂದಲೇ ಬಂದ ಎಲ್‌ಇಡಿ ದೀಪಗಳಲ್ಲಿ ಬಲ್ಬು ಬಿಚ್ಚಲು ಸಾಮಾನ್ಯವಾಗಿ ಬರುವುದಿಲ್ಲ. ಫ್ಯೂಸು, ಕನೆಕ್ಟರ್, ಅರ್ತಿಂಗ್ ಇಷ್ಟು ನೋಡಿ. ಅದರಾಚೆಗೆ ದೀಪದ ಜೋಡಣೆಯನ್ನೇ ಬದಲಾಯಿಸಬೇಕಾಗಬಹುದು, ವಾರಂಟಿ ಇದೆಯೇ ಅಂತ ಮೊದಲು ಕೇಳಿ. ಹೊರಗಿನಿಂದ ತಂದು ಹಾಕಿದ ಸಣ್ಣ ಎಲ್‌ಇಡಿ ಬಲ್ಬು ಹತ್ತದಿದ್ದರೆ ಒಮ್ಮೆ ಎಡಬಲ ತಿರುಗಿಸಿ ಹಾಕಿ, ಎಲ್‌ಇಡಿಗೆ ಪಾಸಿಟಿವ್ ನೆಗೆಟಿವ್ ಸರಿಯಿರಬೇಕು. ಇಂಡಿಕೇಟರಿಗೆ ಎಲ್‌ಇಡಿ ಹಾಕಿದ ಮೇಲೆ ಪಟಪಟ ಬಡಿದುಕೊಳ್ಳುತ್ತಿದ್ದರೆ ಬಲ್ಬು ಕೆಟ್ಟಿಲ್ಲ. ಎಲ್‌ಇಡಿ ಕಡಿಮೆ ಕರೆಂಟ್ ಎಳೆಯುವುದರಿಂದ ಬಲ್ಬೇ ಇಲ್ಲ ಎಂದು ಫ್ಲ್ಯಾಶರ್ ತಿಳಿಯುತ್ತದೆ.

ರಾತ್ರಿ ಘಟ್ಟದಲ್ಲಿ ಹೋದರೆ

ಕುಮಟಾದಿಂದ ಶಿರಸಿಗೆ ಹೋಗುವಾಗ ದೇವಿಮನೆ ಘಟ್ಟದಲ್ಲಿ, ಅಥವಾ ಅಂಕೋಲಾದಿಂದ ಯಲ್ಲಾಪುರಕ್ಕೆ ಹೋಗುವಾಗ ಅರಬೈಲಿನಲ್ಲಿ ಲೈಟು ಹೋದರೆ ತಿರುವಿನಲ್ಲಿ ನಿಲ್ಲಿಸಬೇಡಿ. ನೇರ ಜಾಗಕ್ಕೆ ಮೆಲ್ಲಗೆ ಬಂದು ಅಂಚಿಗೆ ನಿಲ್ಲಿಸಿ, ಹಜಾರ್ಡ್ ಹಾಕಿ, ಕೆಂಪು ತ್ರಿಕೋನವನ್ನು ಹಿಂದೆ ದೂರದಲ್ಲಿಡಿ.

ಫ್ಯೂಸು ಹೋಗಿದ್ದರೆ ಆಗ ಬೇಡವಾದ ಇನ್ನೊಂದರಿಂದ, ರೇಡಿಯೋದ್ದೋ ಚಾರ್ಜರಿನದ್ದೋ, ಅದೇ ಆಂಪಿಯರ್‌ನದನ್ನು ಕಿತ್ತು ಹಾಕಬಹುದು. ಒಂದೇ ಹೆಡ್‌ಲೈಟ್ ಉಳಿದಿದ್ದರೆ ಅದು ಬಲಗಡೆ, ಅಂದರೆ ಎದುರಿನ ವಾಹನದ ಕಡೆ ಇರಲಿ, ಇಲ್ಲದಿದ್ದರೆ ಎದುರಿನವನು ಬೈಕ್ ಎಂದುಕೊಳ್ಳುತ್ತಾನೆ. ಬೇಕಾದರೆ ಬಲ್ಬು ಬಲಕ್ಕೆ ಬದಲಾಯಿಸಿ, ಹತ್ತಿರದ ಊರಿನವರೆಗೆ ನಿಧಾನ ಹೋಗಿ. ಹಿಂದೆ ಪಾರ್ಕಿಂಗೂ ಇಲ್ಲ, ಬ್ರೇಕೂ ಇಲ್ಲ ಅಂದರೆ ಹೊರಡಲೇ ಬೇಡಿ. ಲಾರಿಯವನಿಗೆ ನೀವು ಕಾಣುವುದೇ ಇಲ್ಲ.

ಕಾನೂನೂ ಸ್ಪಷ್ಟ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 105ನೇ ನಿಯಮದ ಪ್ರಕಾರ ಸೂರ್ಯ ಮುಳುಗಿ ಅರ್ಧ ಗಂಟೆಯ ನಂತರ, ಹಾಗೂ ಬೆಳಕು ಸಾಲದ ಯಾವುದೇ ಹೊತ್ತಿನಲ್ಲಿ, ದೀಪ ಹತ್ತಿರಲೇಬೇಕು. ಮುಂದಿನ ದೀಪದಲ್ಲಿ 155 ಮೀಟರ್ ದೂರದ ಜನ, ವಾಹನ ಕಾಣಬೇಕು. ಮಳೆಗಾಲದ ಮಧ್ಯಾಹ್ನದ ಮಂಜೂ ಇದರಲ್ಲಿ ಬರುತ್ತದೆ. ಅಂದ ಹಾಗೆ, ಮಂಜಿನಲ್ಲಿ ಹಜಾರ್ಡ್ ಹಾಕಿಕೊಂಡು ಘಟ್ಟ ಹತ್ತುವ ಅಭ್ಯಾಸ ಬಿಡಿ. ನೀವು ನಿಂತಿದ್ದೀರೋ, ತಿರುಗುತ್ತೀರೋ ಹಿಂದಿನವನಿಗೆ ತಿಳಿಯುವುದಿಲ್ಲ. ಡಿಮ್ ಹಾಕಿ, ಫಾಗ್ ಲೈಟ್ ಇದ್ದರೆ ಅದನ್ನೂ ಹಾಕಿ.

ಎಲೆಕ್ಟ್ರಿಷಿಯನ್ ಹತ್ತಿರ ಹೋಗುವುದಾದರೆ

ಎರಡು ಸಲ ಫ್ಯೂಸು ಸುಟ್ಟು ಶಾರ್ಟ್ ಎಲ್ಲಿ ಅಂತ ಸಿಗದಿದ್ದರೆ, ವೈರಿನ ಕಟ್ಟಿಗೆ ಇಲಿ ಬಾಯಿ ಹಾಕಿದ್ದರೆ, ಸ್ಟೀರಿಂಗ್ ಸ್ವಿಚ್ಚಿನ ಮೇಲೆ ಅನುಮಾನ ಬಂದರೆ ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಹೋಗುವುದೇ ಸರಿ. ನೀವು ಬರೆದುಕೊಂಡ ಚೀಟಿ ತಗೊಂಡು ಹೋಗಿ. "ಎಡಗಡೆ ಡಿಮ್ ಇಲ್ಲ, ಹೈ ಬೀಮ್ ಇದೆ, ಬಲ್ಬು ಅದಲು ಬದಲು ಮಾಡಿದೆ, ಕನೆಕ್ಟರಿನಲ್ಲಿ ಕರೆಂಟ್ ಬರುತ್ತಿಲ್ಲ" ಅಂತ ಹೇಳಿದರೆ ಅವರಿಗೂ ಹೊತ್ತು ಉಳಿಯುತ್ತದೆ, ನಿಮಗೂ ಬಿಲ್ ಕಡಿಮೆಯಾಗುತ್ತದೆ. ಬದಲಾಯಿಸಿದ ಹಳೆಯ ಸಾಮಾನು ವಾಪಸ್ ಕೇಳಿ.

ಹೆಡ್‌ಲೈಟ್ ಬಿಚ್ಚುವ ಕೆಲಸ ಯಾರೇ ಮಾಡಲಿ, ಮೊದಲೇ ಸಮತಟ್ಟಾದ ಜಾಗದಲ್ಲಿ ಕಾರನ್ನು ಗೋಡೆಗೆ ಎದುರಾಗಿ ನಿಲ್ಲಿಸಿ, ಡಿಮ್ ಬೆಳಕಿನ ಮೇಲಂಚು ಎಲ್ಲಿ ಬೀಳುತ್ತದೋ ಅಲ್ಲಿ ಸೀಮೆಸುಣ್ಣದಿಂದ ಗೆರೆ ಎಳೆಯಿರಿ. ಕೆಲಸ ಮುಗಿದ ಮೇಲೆ ಅದೇ ಜಾಗದಲ್ಲಿ ನಿಲ್ಲಿಸಿ ನೋಡಿ. ಬೆಳಕು ಗೆರೆಗಿಂತ ಮೇಲೆ ಹೋಗಿದ್ದರೆ ಹೆಡ್‌ಲೈಟಿನ ಹಿಂದಿರುವ ಹೊಂದಿಸುವ ಸ್ಕ್ರೂಗೆ ಕೈ ಹಾಕುವ ಮೊದಲು ಬಲ್ಬಿನ ಕಿವಿ ಸರಿಯಾಗಿ ಕೂತಿದೆಯೇ ಅಂತ ನೋಡಿ.